ಪೋವಿಸ್ ಕೋಟೆಯ ಹೆನ್ರಿಯೆಟ್ಟಾ: ಹೊಸದಾಗಿ ಬಂದವರಿಗೆ ಒಂದು ಉತ್ತರ

ಬರ್ಮಿಂಗ್‌ಹ್ಯಾಮ್‌ಗೆ ಹೊಸದಾಗಿ ಬಂದಿರುವ ನೀವು, ಇಲ್ಲಿನವರು ರಜಾದಿನಗಳಲ್ಲಿ ನೋಡಲು ಹೋಗುವ ಹಳೆಯ ಶ್ರೀಮಂತ ಮನೆತನಗಳ ಬಂಗಲೆಗಳಲ್ಲಿ ನಮ್ಮಂಥವರಿಗೆ ಏನಿದೆ, ಅಲ್ಲಿ ಪರಕೀಯರೆನಿಸುವುದಿಲ್ಲವೇ ಎಂದು ಕೇಳಿದ್ದೀರಿ. ಬಹುಕಾಲದಿಂದ ಈ ದೇಶದಲ್ಲಿ ನೆಲೆಸಿರುವ ನಾನು ಹೇಳುವುದಿಷ್ಟು: ಮೊದಲು ವೇಲ್ಸ್‌ನ ವೆಲ್ಶ್‌ಪೂಲ್ ಬಳಿಯ ಪೋವಿಸ್ ಕೋಟೆಗೆ ಹೋಗಿ, ಅಲ್ಲಿ ಜೋಶುವಾ ರೆನಾಲ್ಡ್ಸ್ ಬರೆದ ಲೇಡಿ ಹೆನ್ರಿಯೆಟ್ಟಾ ಹರ್ಬರ್ಟಳ ಭಾವಚಿತ್ರವನ್ನು ಸಾವಧಾನವಾಗಿ ನೋಡಿ.

ದೊಡ್ಡ ಟೋಪಿ ಧರಿಸಿದ ಆ ಯುವತಿ ಪೋವಿಸ್ ಅರ್ಲ್‌ನ (ಅರ್ಲ್ ಎಂದರೆ ಬ್ರಿಟನ್ನಿನ ಒಂದು ಶ್ರೀಮಂತ ಪದವಿ) ಮಗಳು. 1784ರಲ್ಲಿ ಆಕೆ ರಾಬರ್ಟ್ ಕ್ಲೈವ್‌ನ ಮಗ ಎಡ್ವರ್ಡ್‌ನನ್ನು ಮದುವೆಯಾದಳು. ಆತ 1798ರಲ್ಲಿ ಮದರಾಸಿನ ಗವರ್ನರ್ ಆದ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನ್ ಮಡಿದ ಮರುವರ್ಷವೇ ಹೆನ್ರಿಯೆಟ್ಟಾ, ಗಂಡನನ್ನು ಮದರಾಸಿನಲ್ಲಿ ಬಿಟ್ಟು, ಇಬ್ಬರು ಹೆಣ್ಣುಮಕ್ಕಳನ್ನೂ ಇಟಲಿಯ ಕಲಾವಿದೆ ಆನಾ ಟೊನೆಲ್ಲಿಯನ್ನೂ ಕರೆದುಕೊಂಡು, ಬೆಂಗಳೂರು, ಶ್ರೀರಂಗಪಟ್ಟಣ, ಮೈಸೂರುಗಳ ಮೂಲಕ ತಿಂಗಳುಗಟ್ಟಲೆ ಪಯಣಿಸಿದಳು. ಗಿಡಗಳನ್ನೂ ಖನಿಜಗಳನ್ನೂ ಸಂಗ್ರಹಿಸಿದಳು. ದಿನಚರಿ ಬರೆದಿಟ್ಟ ಕಿರಿಯ ಮಗಳು ಷಾರ್ಲೆಟ್, ಮುಂದೆ ರಾಜಕುಮಾರಿ ವಿಕ್ಟೋರಿಯಾಳ ಶಿಕ್ಷಣದ ಮೇಲ್ವಿಚಾರಕಿಯಾದಳು. ನಮ್ಮ ನಾಡಿನ ಮಣ್ಣನ್ನು ತುಳಿದು, ಅಲ್ಲಿನ ಗಿಡಗಳನ್ನು ಕುತೂಹಲದಿಂದ ನೋಡಿದ ಈ ಹೆಣ್ಣಿನ ಮುಖ ನನಗೆ ಇಂದಿಗೂ ಅಪರಿಚಿತವೆನಿಸುವುದಿಲ್ಲ.

ಆದರೆ ಚಿತ್ರವನ್ನಷ್ಟೇ ನೋಡಿ ಹಿಂದಿರುಗಬೇಡಿ. ಅದೇ ಕೋಟೆಯ ಕ್ಲೈವ್ ಸಂಗ್ರಹದಲ್ಲಿ ಟಿಪ್ಪುವಿನ ಸಿಂಹಾಸನದ, ರತ್ನಗಳನ್ನು ಕೂರಿಸಿದ ಚಿನ್ನದ ಹುಲಿಮುಖವಿದೆ. ಹೂಚಿತ್ತಾರದ ಹತ್ತಿಬಟ್ಟೆಯ ಅವನ ಡೇರೆಯೂ ಇದೆ. ಆ ಡೇರೆಯನ್ನು ಮುಂದಿನ ತಲೆಮಾರಿನವರು ಉದ್ಯಾನದ ಔತಣಗಳಿಗೆ ಬಳಸಿದರೆಂಬುದು ನನ್ನನ್ನು ನೋಯಿಸುತ್ತದೆ. ಈ ವಸ್ತುಗಳು ವೇಲ್ಸ್‌ನ ಬೆಟ್ಟದ ಮೇಲಿನ ಈ ಕೆಂಪು ಕಲ್ಲಿನ ಕೋಟೆಗೆ ಸೇರಿದ್ದು ಹೆನ್ರಿಯೆಟ್ಟಾಳ ಮದುವೆಯ ಮೂಲಕವೇ: ಅವಿವಾಹಿತನಾಗಿದ್ದ ಅವಳ ಅಣ್ಣ 1801ರಲ್ಲಿ ತೀರಿಕೊಂಡ ಮೇಲೆ ಮನೆತನದ ಆಸ್ತಿ ಅವಳ ಮಗನ ಪಾಲಿಗೆ ಬಂತು, 1804ರಲ್ಲಿ ಗಂಡನಿಗೆ ಅರ್ಲ್ ಪದವಿ ದೊರೆಯಿತು, ಕ್ಲೈವ್ ವಂಶದ ಭಾರತೀಯ ಸಂಪತ್ತು ಇಲ್ಲಿನ ಹಳೆಯ ಮನೆತನದ ಸಂಪತ್ತಿನೊಂದಿಗೆ ಬೆರೆಯಿತು. ಅವಳ ಕುತೂಹಲವನ್ನು ಮೆಚ್ಚಿಕೊಳ್ಳುತ್ತಲೇ, ಅದಕ್ಕೆ ದಾರಿ ಮಾಡಿಕೊಟ್ಟ ಯುದ್ಧವನ್ನೂ ನೀವು ನೆನೆಯಬೇಕು. ಒಂದನ್ನು ಬಿಟ್ಟರೆ ಇನ್ನೊಂದು ಅರ್ಥವಾಗದು.

ಪರಕೀಯತೆಯ ಮಾತಿಗೆ ಬಂದರೆ, 1952ರಿಂದ ಕೋಟೆ, ಹಳೆಯ ಕಟ್ಟಡಗಳನ್ನು ಕಾಪಾಡುವ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್‌ನ ವಶದಲ್ಲಿದೆ, ಟಿಕೆಟ್ ಪಡೆದ ಯಾರು ಬೇಕಾದರೂ ಒಳಗೆ ಹೋಗಬಹುದು. ತನ್ನ ಆಸ್ತಿಗಳಿಗಿರುವ ವಸಾಹತುಶಾಹಿಯ ನಂಟನ್ನು ಆ ಸಂಸ್ಥೆಯೇ 2020ರ ವರದಿಯಲ್ಲಿ ಬಹಿರಂಗವಾಗಿ ದಾಖಲಿಸಿದೆ. ಆದುದರಿಂದ ಹುಲಿಮುಖ ಇಲ್ಲಿಗೆ ಹೇಗೆ ಬಂತೆಂದು ಕೋಣೆಗಳಲ್ಲಿರುವ ಸ್ವಯಂಸೇವಕರನ್ನು ಕೇಳಲು ನೀವು ಹಿಂಜರಿಯಬೇಕಾಗಿಲ್ಲ. ಶ್ರೀರಂಗಪಟ್ಟಣದ ಕಡೆಯವರೆಂದು ಹೇಳಿಕೊಂಡೇ ಕೇಳಿ. ಬರ್ಮಿಂಗ್‌ಹ್ಯಾಮ್‌ನಿಂದ ವೆಲ್ಶ್‌ಪೂಲ್‌ಗೆ ನೇರ ರೈಲಿದೆ. ಊರಿನಿಂದ ಕೋಟೆಗೆ ನಡೆದೇ ಹೋಗಬಹುದು. ತೆರೆದಿರುವ ವೇಳೆ ಋತುವಿಗೆ ತಕ್ಕಂತೆ ಬದಲಾಗುವುದರಿಂದ ಮುಂಚಿತವಾಗಿ ವಿಚಾರಿಸಿಕೊಂಡು ಹೊರಡಿ.