ಆ ಹುಡುಗನನ್ನು ನೋಡಿದ ಮೇಲೆ ಮತ್ತೆ ಅಲ್ಲಿಗೆ ಹೋಗುವ ಧೈರ್ಯ ಬರುತ್ತಿಲ್ಲ

ಮೇಡಂ, ನನ್ನ ಮಗನಿಗೆ ಏಳು ವರ್ಷ. ನಾಲ್ಕನೇ ವಯಸ್ಸಿನಲ್ಲಿ ಆಟಿಸಂ ಅಂತ ಗೊತ್ತಾಯಿತು. ಮಾತು ತುಂಬಾ ಕಡಿಮೆ, ನಾಲ್ಕೈದು ಪದ ಅಷ್ಟೇ. ಆಟಿಸಂ ಇರುವ ಮಕ್ಕಳ ಮನೆಯವರೆಲ್ಲ ತಿಂಗಳಿಗೊಂದು ಭಾನುವಾರ ಒಂದು ಕಡೆ ಸೇರುತ್ತಾರೆ. ಮಕ್ಕಳಿಗೆ ಆಟ, ಹಾಡು. ದೊಡ್ಡವರಿಗೆ ಮಾತುಕತೆ. ನನ್ನ ಹೆಂಡತಿ ತಪ್ಪಿಸುವುದೇ ಇಲ್ಲ. ಅಲ್ಲಿಗೆ ಹೋಗಿ ಬಂದ ದಿನ ಅವಳ ಮುಖದ ಕಳೆಯೇ ಬೇರೆ. ನಾನು ಒಂದೇ ಸಲ ಹೋಗಿದ್ದೆ. ಅಲ್ಲಿ ಇಪ್ಪತ್ತೈದರ ಆಸುಪಾಸಿನ ಒಬ್ಬ ಹುಡುಗ ಇದ್ದ. ಎತ್ತರದ ಆಳು, ಗಡ್ಡ ಬಂದಿದೆ. ಕಿವಿಗೆ ದಪ್ಪನೆಯ ಹೆಡ್‌ಫೋನ್. ಕೈ ಆಡಿಸುತ್ತಾ, ಬಾಯಲ್ಲಿ ಒಂದೇ ಸದ್ದು ಮಾಡುತ್ತಾ ಗೋಡೆ ಪಕ್ಕದಲ್ಲೇ ಅತ್ತಿಂದಿತ್ತ ಓಡಾಡುತ್ತಿದ್ದ. ತಲೆ ಪೂರ್ತಿ ನೆರೆತ ಅವನ ಅಪ್ಪ ನೆಲದ ಮೇಲೆ ಕೂತು ಅವನ ಶೂ ಲೇಸ್ ಕಟ್ಟಿದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆಮೇಲೆ ಪ್ರತಿ ಸಲವೂ ಏನಾದರೊಂದು ಕೆಲಸದ ನೆಪ ಹೇಳುತ್ತಿದ್ದೇನೆ. ನನಗೆ ಮಗನ ಬಗ್ಗೆ ನಾಚಿಕೆ ಅಂತ ಹೆಂಡತಿ ತಿಳಿದುಕೊಂಡಿದ್ದಾಳೆ. ಹನ್ನೆರಡು ವರ್ಷದ ಮಗಳು ಬೇರೆ, ‘ಅಪ್ಪನೇ ಬರಲ್ಲ, ನಾನ್ಯಾಕೆ ಬರ್ಬೇಕು?’ ಅನ್ನುತ್ತಾಳೆ. ಈಗ ಏಪ್ರಿಲ್ 2ಕ್ಕೆ, ವಿಶ್ವ ಆಟಿಸಂ ಜಾಗೃತಿ ದಿನ ಅಂತ, ದೊಡ್ಡ ಕಾರ್ಯಕ್ರಮ ಇದೆಯಂತೆ. ಎಲ್ಲರೂ ಹೋಗಲೇಬೇಕು ಅಂತ ಹೆಂಡತಿ ಹಟ ಹಿಡಿದಿದ್ದಾಳೆ. ನಾನು ಹೋಗಲೇಬೇಕಾ?
– ಹೆಸರು ಬೇಡ

ಹೋಗಬೇಕು. ಆದರೆ ಏಪ್ರಿಲ್ 2ರ ದೊಡ್ಡ ಕಾರ್ಯಕ್ರಮದಿಂದಲೇ ಶುರು ಮಾಡಬೇಕು ಅಂತೇನಿಲ್ಲ. ಅದರ ವಿಷಯ ಆಮೇಲೆ ಹೇಳುತ್ತೇನೆ.

ಮೊದಲು ಹೆಂಡತಿಯ ಹತ್ತಿರ ಮಾತಾಡಿ. ನಿಮಗಿರುವುದು ಭಯ. ಅವರು ತಿಳಿದುಕೊಂಡಿರುವುದು ನಾಚಿಕೆ ಅಂತ. ಗಂಡನಿಗೆ ಮಗನನ್ನು ನಾಲ್ಕು ಜನರ ಮುಂದೆ ಕರೆದುಕೊಂಡು ಹೋಗಲು ನಾಚಿಕೆ ಎಂದು ನಂಬಿಕೊಂಡೇ ಪ್ರತಿ ತಿಂಗಳು ಅವರು ಒಬ್ಬರೇ ಮನೆಯಿಂದ ಹೊರಡುತ್ತಿದ್ದಾರೆ. ಅದು ಎಷ್ಟು ಭಾರ ಅಂತ ಸ್ವಲ್ಪ ಯೋಚಿಸಿ. ನನಗೆ ಬರೆದದ್ದನ್ನು ಅವರಿಗೂ ಅಷ್ಟೇ ನೇರವಾಗಿ ಹೇಳಿ. ಆ ಹುಡುಗನನ್ನು ನೋಡಿದೆ, ನಿದ್ದೆ ಬರಲಿಲ್ಲ, ಅಷ್ಟು ಸಾಕು. ಅವರೂ ಆ ಹುಡುಗನನ್ನು ನೋಡಿದ್ದಾರೆ, ನಿಮಗಿಂತ ಎಷ್ಟೋ ಸಲ ಜಾಸ್ತಿ. ಅವರಿಗೂ ಒಂದೆರಡು ರಾತ್ರಿ ನಿದ್ದೆ ಕೆಟ್ಟಿರಬಹುದು. ನೀವು ಕೇಳಿಲ್ಲ, ಅವರು ಹೇಳಿಲ್ಲ.

ಈಗ ಆ ಹುಡುಗನ ವಿಷಯ. ನೀವು ಅವನನ್ನು ನೋಡಿದ್ದು ಹೆಚ್ಚೆಂದರೆ ಒಂದೆರಡು ಗಂಟೆ. ಅದೂ ಮಕ್ಕಳೆಲ್ಲ ಕೂಗಾಡುವ ಹಾಲ್‌ನಲ್ಲಿ. ಆಟಿಸಂ ಇರುವ ಎಷ್ಟೋ ಜನರಿಗೆ ಸದ್ದು, ಬೆಳಕು, ಮುಟ್ಟುವುದು ಇವೆಲ್ಲ ನಮಗೆ ತಾಕುವ ಹಾಗೆ ತಾಕುವುದಿಲ್ಲ. ಕೆಲವರಿಗೆ ತುಂಬಾ ಜಾಸ್ತಿ, ಕೆಲವರಿಗೆ ತೀರಾ ಕಡಿಮೆ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಆಟಿಸಂ ಗುರುತಿಸುವ ಲಕ್ಷಣಗಳ ಪಟ್ಟಿಗೆ ಇದನ್ನೂ ಸೇರಿಸಿತು. ಹೆಡ್‌ಫೋನ್ ಇರುವುದು ಆ ಸದ್ದು ತಡೆಯಲಿಕ್ಕೆ. ಗೋಡೆ ಪಕ್ಕ ನಡೆದರೆ ಆ ಕಡೆಯಿಂದ ಯಾರೂ ಬಂದು ಡಿಕ್ಕಿ ಹೊಡೆಯುವುದಿಲ್ಲ, ಅದಕ್ಕೇ ಅಲ್ಲಿ ಓಡಾಡುತ್ತಿದ್ದನೋ ಏನೋ. ಕೈ ಆಡಿಸುವುದಕ್ಕೆ, ಒಂದೇ ಸದ್ದು ಮಾಡುವುದಕ್ಕೆ ಥೆರಪಿಯವರು ಸ್ಟಿಮಿಂಗ್ ಅನ್ನುತ್ತಾರೆ. ಗಾಬರಿಯಾದಾಗ ತನ್ನನ್ನು ತಾನೇ ಸಮಾಧಾನ ಮಾಡಿಕೊಳ್ಳುವ ದಾರಿ ಅದು. ಕೆಲವೊಮ್ಮೆ ಬರೀ ಖುಷಿಗೂ ಮಾಡುತ್ತಾರೆ. ಅಂತೂ ತನಗೆ ಒಗ್ಗದ ಜಾಗದಲ್ಲಿ, ತನಗೆ ಗೊತ್ತಿರುವ ಉಪಾಯಗಳನ್ನೆಲ್ಲ ಬಳಸಿಕೊಂಡು ಆ ಹುಡುಗ ನಿಭಾಯಿಸುತ್ತಿದ್ದ. ಮುಂದಿನ ಸಲ ಸಿಕ್ಕರೆ ಅವನಿಗೆ ನಮಸ್ಕಾರ ಹೇಳಿ. ಮಾತು ಬಾರದವರಿಗೆ ಮಾತು ಅರ್ಥವಾಗುವುದಿಲ್ಲ ಎಂದುಕೊಳ್ಳಬೇಡಿ. ಉತ್ತರ ಬರದಿದ್ದರೆ ಬೇಜಾರೂ ಮಾಡಿಕೊಳ್ಳಬೇಡಿ.

ನೀವು ನಿಜವಾಗಿ ಕೇಳಬೇಕೆಂದಿರುವ ಪ್ರಶ್ನೆಯೇ ಬೇರೆ, ಅಲ್ವಾ? ನನ್ನ ಮಗನೂ ಹೀಗೇ ಆಗ್ತಾನಾ ಅನ್ನುವುದು.

ಏಳು ವರ್ಷದ ಹುಡುಗನನ್ನು ನೋಡಿ ಅದನ್ನು ಯಾರೂ ಖಚಿತವಾಗಿ ಹೇಳಲಾರರು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನ 127 ಜನರಲ್ಲಿ ಒಬ್ಬರಿಗೆ ಆಟಿಸಂ ಇತ್ತು. ಅಷ್ಟೊಂದು ಜನರಲ್ಲಿ ಸ್ವಂತ ಮನೆ ನಡೆಸುವವರೂ ಇದ್ದಾರೆ, ಜೀವನಪೂರ್ತಿ ಇನ್ನೊಬ್ಬರ ಆಸರೆ ಬೇಕಾದವರೂ ಇದ್ದಾರೆ. ಮಾತಿನ ವಿಷಯಕ್ಕೆ ಬಂದರೆ, 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 535 ಮಕ್ಕಳಿದ್ದರು. ನಾಲ್ಕು ವರ್ಷವಾದರೂ ಪದ ಜೋಡಿಸಿ ಮಾತಾಡದ ಮಕ್ಕಳು. ಅವರಲ್ಲಿ ಶೇಕಡಾ 70ರಷ್ಟು ಮಕ್ಕಳು ಆಮೇಲೆ ಪದ ಜೋಡಿಸಿ ಮಾತಾಡಲು ಕಲಿತರು. ಶೇಕಡಾ 47ರಷ್ಟು ಮಕ್ಕಳು ಸರಾಗವಾಗಿಯೇ ಮಾತಾಡಿದರು. ಇದನ್ನು ಓದಿ ನೀವು ಲೆಕ್ಕ ಹಾಕಲು ಕೂರಬೇಡಿ. ನಿಮ್ಮ ಮಗ ಈ ಎಪ್ಪತ್ತರಲ್ಲೋ ಉಳಿದ ಮೂವತ್ತರಲ್ಲೋ ನನಗೆ ಗೊತ್ತಿಲ್ಲ, ಹೇಳಿ ಸುಮ್ನೆ ನಿಮ್ಮನ್ನು ಸಮಾಧಾನ ಮಾಡುವುದಿಲ್ಲ. ಮಾತು ಬರದಿದ್ದರೂ ಚಿತ್ರ ತೋರಿಸಿ, ಟ್ಯಾಬ್ಲೆಟ್ ಒತ್ತಿ, ಟೈಪ್ ಮಾಡಿ ತಮ್ಮ ಮಾತು ಮುಟ್ಟಿಸುವವರು ಬೇಕಾದಷ್ಟು ಜನ ಇದ್ದಾರೆ. ಮಾತಿಗಾಗಿ ಕಾಯುತ್ತಾ ಇದನ್ನೆಲ್ಲ ಮುಂದೆ ಹಾಕಬೇಡಿ ಎಂದಷ್ಟೇ ಹೇಳುತ್ತೇನೆ.

ಹಾಗಾದರೆ ಕೆಟ್ಟದ್ದನ್ನೇ ಯೋಚಿಸೋಣ. ಇನ್ನು ಹದಿನೆಂಟು ವರ್ಷ ಕಳೆದಿದೆ. ನಿಮ್ಮ ಮಗನಿಗೂ ಗಡ್ಡ ಬಂದಿದೆ, ಲೇಸ್ ಕಟ್ಟಲು ನೀವೇ ಬೇಕು. ಆಗ ಏನು ಮಾಡಬೇಕು ಅಂತ ಇವತ್ತು ನಿಮಗೆ ಯಾರು ಹೇಳಬಲ್ಲರು? ಡಾಕ್ಟರು ಸ್ವಲ್ಪ ಹೇಳಬಹುದು. ಥೆರಪಿಯವರು ಇನ್ನೂ ಸ್ವಲ್ಪ. ಪೂರ್ತಿ ಗೊತ್ತಿರುವುದು ನೆಲದ ಮೇಲೆ ಕೂತಿದ್ದ ಆ ಮನುಷ್ಯರಿಗೆ. ಮಗ ತನಗಿಂತ ಎತ್ತರ ಬೆಳೆದ ಮೇಲೆ ಗಡ್ಡ ತೆಗೆಯಲು ಹೇಗೆ ಕಲಿಸಿದರು, ಹಲ್ಲು ನೋವು ಬಂದರೆ ಹೇಗೆ ಗೊತ್ತಾಗುತ್ತದೆ, ರಸ್ತೆಯಲ್ಲಿ ಜನ ತಿರುಗಿ ನೋಡಿದಾಗ ಏನು ಮಾಡುತ್ತಾರೆ, ತಾವು ಇಲ್ಲದ ಕಾಲಕ್ಕೆ ಏನು ಏರ್ಪಾಡು ಮಾಡಿಟ್ಟಿದ್ದಾರೆ, ಕೊನೆಯ ಸಲ ಗಂಡ ಹೆಂಡತಿ ಇಬ್ಬರೇ ಎಲ್ಲಿಗೆ ಹೋಗಿದ್ದರು. ಯಾರನ್ನು ಕಂಡು ನೀವು ಓಡಿ ಬಂದಿರೋ ನಿಮಗೆ ಬೇಕಾಗಿರುವುದೆಲ್ಲ ಅವರ ಹತ್ತಿರವೇ ಇದೆ. ಇಂಥ ಸಭೆಗಳಿಗೆ ಚಿಕ್ಕ ಮಕ್ಕಳ ಮನೆಯವರು ಹೋಗಬೇಕಾದದ್ದೇ ದೊಡ್ಡ ಮಕ್ಕಳ ಮನೆಯವರು ಬರುತ್ತಾರೆ ಅಂತ. ಅಷ್ಟು ವರ್ಷ ನಿಭಾಯಿಸಿದವರು ಯಾಕೆ ಇನ್ನೂ ಬರುತ್ತಾರೆ, ಅದನ್ನೂ ಅವರನ್ನೇ ಕೇಳಿ ನೋಡಿ.

ನಿಮ್ಮ ಸಂಕಟವನ್ನು ನಾನು ಹಗುರ ಮಾಡುತ್ತಿಲ್ಲ. ಅದು ದುಃಖವೇ. ಆದರೆ ಯಾರ ಬಗ್ಗೆ? ಆಟಿಸಂ ಇರುವ ಜಿಮ್ ಸಿಂಕ್ಲೇರ್ ಎಂಬವರು 1993ರಲ್ಲಿ ಪೋಷಕರಿಗೆ ಒಂದು ಮಾತು ಹೇಳಿದ್ದರು. ಅದರ ಸಾರ ಇಷ್ಟು: ನೀವು ಕಲ್ಪಿಸಿಕೊಂಡಿದ್ದ ಮಗು ಹುಟ್ಟಲಿಲ್ಲ ಎಂದು ಅಳಬೇಕಿದ್ದರೆ ಅಳಿ, ಆದರೆ ಹುಟ್ಟಿರುವ ಮಗುವಿನ ಎದುರು ಅಳಬೇಡಿ, ಅದು ಸತ್ತಿಲ್ಲ, ನಿಮ್ಮನ್ನೇ ಕಾಯುತ್ತಿದೆ. ಹೆತ್ತವರಲ್ಲಿ ಕೆಲವರಿಗೆ ಇದು ಕಟುವಾಗಿ ಕೇಳಿಸುತ್ತದೆ. ನನಗೇನೋ ಇದರಲ್ಲಿ ತಪ್ಪು ಕಾಣುವುದಿಲ್ಲ.

ಈ ಥರ ಮನೆಯವರು ಒಟ್ಟಿಗೆ ಸೇರುವುದು ಬರೀ ಕಾಲ ಕಳೆಯಲಿಕ್ಕೆ ಅಂದುಕೊಂಡಿದ್ದರೆ ಇದನ್ನೂ ಕೇಳಿ. 1943ರಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯರು 11 ಮಕ್ಕಳನ್ನು ನೋಡಿ ಆಟಿಸಂ ಬಗ್ಗೆ ಬರೆದರು. ಆಮೇಲೆ ಎಷ್ಟೋ ವರ್ಷ ತಜ್ಞರು ದೂರಿದ್ದು ತಾಯಂದಿರನ್ನು. ತಾಯಿ ಪ್ರೀತಿ ತೋರಿಸದೆ ಮಗು ಹೀಗಾಯಿತು ಅನ್ನುವುದು ಆಗಿನ ಮಾತು. ಅದನ್ನು ಮುರಿದವರಲ್ಲಿ ಮುಖ್ಯರಾದವರು ಹೆತ್ತವರೇ. ಬ್ರಿಟನ್ನಿನಲ್ಲಿ 1962ರಲ್ಲಿ ಪೋಷಕರು ಸೇರಿ ಸಂಘ ಕಟ್ಟಿದರು. ಅಮೆರಿಕದ ಬರ್ನಾರ್ಡ್ ರಿಮ್ಲ್ಯಾಂಡ್ ಮನಶ್ಶಾಸ್ತ್ರ ಓದಿದವರು, ಅವರ ಮಗನಿಗೂ ಆಟಿಸಂ. ಇದು ತಾಯಿಯ ತಪ್ಪಲ್ಲ, ಮೆದುಳಿನ ಬೆಳವಣಿಗೆಗೆ ಸಂಬಂಧಪಟ್ಟದ್ದು ಎಂದು 1964ರಲ್ಲಿ ಸಾಕ್ಷ್ಯ ಸಮೇತ ವಾದಿಸಿದರು. ಮರುವರ್ಷ ಅವರೂ ಬೇರೆ ಪೋಷಕರೂ ಸೇರಿ ಅಲ್ಲೂ ಸಂಘ ಶುರು ಮಾಡಿದರು. (ಮುಂದೆ ಅವರು ಚಿಕಿತ್ಸೆಗಳ ಬಗ್ಗೆ ಹೇಳಿದ್ದೆಲ್ಲ ಸರಿ ಅಂತೇನಲ್ಲ. ಅದು ಬೇರೆ ಕತೆ.) ಇವತ್ತು ನಿಮ್ಮ ಹೆಂಡತಿಯನ್ನು ಯಾವ ಡಾಕ್ಟರೂ ದೂರುತ್ತಿಲ್ಲವಾದರೆ ಅದರ ಹಿಂದೆ ಇಂಥ ಸಭೆಗಳಲ್ಲಿ ಕೂತು ಮಾತಾಡಿದ ಅಪ್ಪ ಅಮ್ಮಂದಿರಿದ್ದಾರೆ.

ಇನ್ನು ಏಪ್ರಿಲ್ 2. ವಿಶ್ವಸಂಸ್ಥೆ 2007ರಲ್ಲಿ ಗೊತ್ತು ಮಾಡಿದ ದಿನ, 2008ರಿಂದ ಆಚರಣೆ ನಡೆದಿದೆ. ಒಳ್ಳೆಯದೇ. ಆದರೆ ಆ ದಿನದ ಎಷ್ಟೋ ಕಾರ್ಯಕ್ರಮ ನೋಡಿದರೆ ಮಕ್ಕಳಿಗಿಂತ ಕ್ಯಾಮೆರಾಗಳಿಗಾಗಿ ಮಾಡಿದಂತಿರುತ್ತವೆ. ಧ್ವನಿವರ್ಧಕ, ಚಪ್ಪಾಳೆ, ಒಡೆಯುವ ಬಲೂನು, ಒಂದು ಗಂಟೆ ಭಾಷಣ. ಸದ್ದಿಗೆ ಕಿವಿ ಮುಚ್ಚಿಕೊಳ್ಳುವ ಮಗುವನ್ನು ಅದೇ ಮಗುವಿನ ಹೆಸರಿನಲ್ಲಿ ಮೈಕ್ ಮುಂದೆ ಕೂರಿಸುವುದು ನನಗಂತೂ ಅರ್ಥವಾಗುವುದಿಲ್ಲ. ಹಾಗಾಗಿ ಹೊರಡುವ ಮುಂಚೆ ನಡೆಸುವವರಿಗೆ ಫೋನ್ ಮಾಡಿ. ಸದ್ದಿಲ್ಲದ ಒಂದು ಕೋಣೆ ಇದೆಯಾ, ಮಧ್ಯದಲ್ಲೇ ಎದ್ದು ಬಂದರೆ ಪರವಾಗಿಲ್ಲವಾ, ಜಾಗದ ಫೋಟೋ ಮೊದಲೇ ಕಳಿಸುತ್ತೀರಾ ಅಂತ ಕೇಳಿ. ಫೋಟೋ ಸಿಕ್ಕರೆ ಮಗನಿಗೆ ತೋರಿಸಿ, ಇದು ಬಾಗಿಲು, ಇಲ್ಲಿ ಕೂರುತ್ತೇವೆ, ಆಮೇಲೆ ಮನೆಗೆ ಬರುತ್ತೇವೆ ಅಂತ ಹೇಳುತ್ತಿರಿ. ಉತ್ತರ ಸರಿ ಬರದಿದ್ದರೆ ಆ ದಿನ ಬಿಟ್ಟುಬಿಡಿ. ಹೆಂಡತಿಯೂ ಒಪ್ಪಿಯಾರು, ಯಾಕೆಂದರೆ ಅವರ ಹಟ ಆ ಕಾರ್ಯಕ್ರಮಕ್ಕಲ್ಲ, ನೀವು ಜೊತೆಗೆ ಬರಬೇಕು ಅನ್ನುವುದಕ್ಕೆ. ತಿಂಗಳ ಸಣ್ಣ ಸಭೆಗೆ ಬರುತ್ತೇನೆ ಅಂತ ದಿನ ಹೇಳಿ ಒಪ್ಪಿಕೊಳ್ಳಿ.

ಹೋದಾಗ ಕುರ್ಚಿ ಹಾಕಿಕೊಂಡು ಕೂರಬೇಡಿ. ಕೂತರೆ ಮತ್ತೆ ಸುತ್ತ ನೋಡುತ್ತೀರಿ, ಹೋಲಿಸುತ್ತೀರಿ, ಎದ್ದು ಬರುತ್ತೀರಿ. ಏನಾದರೂ ಕೆಲಸ ಕೊಡಿ ಅಂತ ಕೇಳಿ. ಒಂದು ಒಳ್ಳೆಯ ಕೆಲಸ ನಾನೇ ಹೇಳುತ್ತೇನೆ, ಗೇಟು ಕಾಯುವುದು. 2012ರ ಒಂದು ಅಮೆರಿಕನ್ ಅಧ್ಯಯನದ ಪ್ರಕಾರ ಆಟಿಸಂ ಇರುವ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ನಾಲ್ಕು ವರ್ಷ ತುಂಬಿದ ಮೇಲೆ ಒಮ್ಮೆಯಾದರೂ ದೊಡ್ಡವರ ಕಣ್ಣು ತಪ್ಪಿಸಿ ಹೊರಗೆ ಓಡಲು ನೋಡಿದ್ದಾರೆ. ಗೇಟಿನಲ್ಲಿ ನಂಬಿಕಸ್ಥರು ಒಬ್ಬರು ನಿಂತಿದ್ದಾರೆ ಅಂದರೆ ಒಳಗಿರುವ ಅಮ್ಮಂದಿರೆಲ್ಲ ಎರಡು ಗಂಟೆ ಬೆನ್ನು ಒರಗಿಸಿ ಕೂರಬಹುದು. ಚಿಲಕ ಮಕ್ಕಳ ಕೈಗೆ ಎಟುಕುತ್ತಾ ನೋಡಿ. ಯಾರು ಹೋದರು, ಯಾರು ಬಂದರು ಅಂತ ಗಮನ ಇಡಿ. ಅಲ್ಲಿ ನಿಂತರೆ ಗಂಡಸರ ಜೊತೆ ಮಾತೂ ತಾನಾಗಿಯೇ ಶುರುವಾಗುತ್ತದೆ. ಎದುರುಬದುರು ಕೂತು ಕಷ್ಟ ಹೇಳಿಕೊಳ್ಳಿ ಅಂದರೆ ಬಾಯಿ ಬಿಡದವರು ಪಕ್ಕದಲ್ಲಿ ನಿಂತು ರಸ್ತೆ ನೋಡುತ್ತಾ ಎಲ್ಲ ಹೇಳುತ್ತಾರೆ.

ಮೊದಲ ದಿನ ಒಂದು ಗಂಟೆ ಸಾಕು. ಮಗ ಸಾಕು ಅಂದರೆ ಅರ್ಧ ಗಂಟೆಗೇ ಹೊರಡಿ. ಅವನು ನೆಲಕ್ಕೆ ಬಿದ್ದು ಅತ್ತರೆ, ಕಿರುಚಿದರೆ ಅದನ್ನು ಹಟ ಅಂದುಕೊಳ್ಳಬೇಡಿ. ತಲೆಗೆ ಹಿಡಿಸುವುದಕ್ಕಿಂತ ಜಾಸ್ತಿಯಾಗಿದೆ ಅಷ್ಟೇ. ಬುದ್ಧಿ ಹೇಳುವುದು, ಬೈಯುವುದು ಆಗ ಕೆಲಸ ಮಾಡುವುದಿಲ್ಲ. ಮಾತು ಕಡಿಮೆ ಮಾಡಿ, ಸದ್ದಿಲ್ಲದ ಕಡೆ ಕರೆದುಕೊಂಡು ಹೋಗಿ, ಪೆಟ್ಟಾಗದಂತೆ ನೋಡಿಕೊಂಡು ಪಕ್ಕದಲ್ಲಿರಿ. ಲೋಕದಲ್ಲಿ ಇದಕ್ಕೆ ಯಾರೂ ತಿರುಗಿ ನೋಡದ ಜಾಗ ಆ ಸಭೆಯೊಂದೇ ಇರಬಹುದು.

ಒಂದು ಎಚ್ಚರಿಕೆಯೂ ಇದೆ. ಇಂಥ ಕಡೆ ಆಟಿಸಂ ವಾಸಿ ಮಾಡುತ್ತೇವೆ ಅನ್ನುವವರು ಬಂದೇ ಬರುತ್ತಾರೆ. ನಿಮ್ಮಂತೆ ಹೆದರಿದ ಅಪ್ಪಂದಿರೆಂದರೆ ಅವರಿಗೆ ಬಲು ಇಷ್ಟ. ಆಟಿಸಂ ವಾಸಿ ಮಾಡುವ ಔಷಧಿ ಇಲ್ಲ. ದೇಹದಿಂದ ಲೋಹ ತೆಗೆಯುತ್ತೇವೆ ಅಂತ ಕೀಲೇಷನ್ ಎಂಬ ಚಿಕಿತ್ಸೆ ಕೊಡುವವರಿದ್ದಾರೆ. 2005ರಲ್ಲಿ ಅಮೆರಿಕದಲ್ಲಿ ಐದು ವರ್ಷದ ಹುಡುಗನೊಬ್ಬ ಅದರಿಂದಲೇ ತೀರಿಕೊಂಡ. ಯಾರು ಎಷ್ಟೇ ನಯವಾಗಿ ಮಾತಾಡಲಿ, ನಿಮ್ಮ ಡಾಕ್ಟರನ್ನು ಕೇಳದೆ ಮಗುವಿಗೆ ಏನೂ ಕೊಡಬೇಡಿ.

ಮಗಳ ಮಾತು ಮಾತ್ರ ಸರಿಯಾಗಿಯೇ ಇದೆ. ಅವಳಿಗೆ ಹನ್ನೆರಡು ವರ್ಷ. ತಿಂಗಳಿಗೊಂದು ಭಾನುವಾರ ತಮ್ಮನದು, ಉಳಿದ ದಿನಗಳಲ್ಲೂ ಅರ್ಧ ತಮ್ಮನದು. ಅಮೆರಿಕದ ಡಾನ್ ಮೇಯರ್ ಎಂಬವರು 1980ರ ದಶಕದಲ್ಲೇ ಇಂಥ ಅಕ್ಕ, ಅಣ್ಣ, ತಂಗಿಯರಿಗಾಗಿ ಸಿಬ್‌ಶಾಪ್ ಎಂಬ ಕೂಟ ಶುರು ಮಾಡಿದರು. ಅವರೆಲ್ಲ ಸೇರಿ ಆಟ ಆಡುತ್ತಾರೆ, ನಡುವೆ ಮನೆಯ ವಿಷಯ ಮಾತಾಡುತ್ತಾರೆ. ಗೆಳತಿಯ ಎದುರು ತಮ್ಮ ಕಿರುಚಿದಾಗ ಅವಮಾನವಾಯಿತು ಅಂತ ಅಮ್ಮನಿಗೆ ಹೇಳಲಾಗದ್ದನ್ನು ಅಲ್ಲಿ ಹೇಳಬಹುದು, ಯಾರೂ ಬೈಯುವುದಿಲ್ಲ. ನಿಮ್ಮ ಗುಂಪಿನಲ್ಲೂ ಅವಳ ವಯಸ್ಸಿನವರು ಇದ್ದೇ ಇರುತ್ತಾರೆ. ಅವರಿಗಾಗಿ ಒಂದು ಗಂಟೆ ಬೇರೆ ಇಡೋಣವಾ ಅಂತ ನೀವೇ ಮಾತು ತೆಗೆಯಿರಿ. ಅದು ಆಗುವವರೆಗೆ ಅವಳನ್ನು ಒತ್ತಾಯ ಮಾಡಿ ಕರೆದುಕೊಂಡು ಹೋಗಬೇಡಿ. ತಿಂಗಳಲ್ಲಿ ಇನ್ನೊಂದು ಭಾನುವಾರ ಅವಳದು ಅಂತ ಗೊತ್ತು ಮಾಡಿ. ಎಲ್ಲಿಗೆ ಹೋಗುವುದು ಅಂತ ಅವಳೇ ಹೇಳಲಿ, ನೀವಿಬ್ಬರೇ ಹೋಗಿ. ಆ ದಿನ ಮಾತ್ರ ಕೆಲಸದ ನೆಪ ಹೇಳಬೇಡಿ.