ಮೆಡಿಕಲ್ ಓದಿಗೆ ಬ್ಯಾಂಕ್ ಲೈನ್: ಚೌಕಾಸಿ ಯಾವುದಕ್ಕೆ ಮಾಡಬೇಕು?

ಈ ಸಲ ಕೆನಡಾದ ಕನ್ನಡಿಗರಿಂದ ಎರಡು ಪ್ರಶ್ನೆ, ದಾವಣಗೆರೆಯಿಂದ ಒಂದು ಪ್ರಶ್ನೆ ಬಂದಿವೆ. ಉತ್ತರಿಸಿದವರು ಕೆನಡಾದ ಒಂಟಾರಿಯೊ ಪ್ರಾಂತ್ಯದ ಬ್ಯಾಂಕ್ ಶಾಖೆಯೊಂದರಲ್ಲಿ ಬಹಳ ವರ್ಷ ವಿದ್ಯಾರ್ಥಿ ಸಾಲದ ಕೆಲಸ ನೋಡಿಕೊಂಡವರು.

ಪ್ರಶ್ನೆ: ನಾನು ಮಿಸಿಸಾಗಾದಲ್ಲಿ ಬೆಳೆದವಳು, ಅಪ್ಪ ಅಮ್ಮ ಹಾಸನದವರು. ಈ ಆಗಸ್ಟ್ ಕೊನೆಗೆ ಒಂಟಾರಿಯೊದಲ್ಲೇ ನಾಲ್ಕು ವರ್ಷದ ಎಂ.ಡಿ. (ಡಾಕ್ಟರ್ ಆಗಲು ಇಲ್ಲಿ ಓದುವ ಮೊದಲ ಮೆಡಿಕಲ್ ಪದವಿ, ಊರಿನ ಎಂ.ಬಿ.ಬಿ.ಎಸ್. ಇದ್ದಹಾಗೆ) ಸೇರುತ್ತಿದ್ದೇನೆ. ಎರಡು ಬ್ಯಾಂಕ್‌ಗಳು ಲೈನ್ ಆಫ್ ಕ್ರೆಡಿಟ್ (ಒಂದು ಮಿತಿಯೊಳಗೆ ಬೇಕಾದಾಗ ತೆಗೆಯುವ ಸಾಲ) ಕೊಡುತ್ತೇವೆ ಎನ್ನುತ್ತಿವೆ. ಒಂದರದ್ದು ಮೂರೂವರೆ ಲಕ್ಷ ಡಾಲರ್, ಇನ್ನೊಂದರದ್ದು ಮೂರು ಲಕ್ಷ. ಬಡ್ಡಿ ಎರಡರಲ್ಲೂ ಪ್ರೈಮ್ ದರಕ್ಕಿಂತ (ಬ್ಯಾಂಕ್‌ಗಳ ಮೂಲ ಬಡ್ಡಿದರ) ಕಾಲು ಪರ್ಸೆಂಟ್ ಕಡಿಮೆ. ಮೊದಲನೆಯ ಬ್ಯಾಂಕ್ ಫ್ರೀ ಕ್ರೆಡಿಟ್ ಕಾರ್ಡ್ ಜೊತೆಗೆ ಒಂದಿಷ್ಟು ನಗದು ಉಡುಗೊರೆಯನ್ನೂ ಕೊಡುತ್ತದೆ. ‘ಓಸ್ಯಾಪ್ (ಸರ್ಕಾರದ ವಿದ್ಯಾರ್ಥಿ ಸಾಲ) ಬೇಡವೇ ಬೇಡ, ಸಾಲ ಎಲ್ಲ ಒಂದೇ ಕಡೆ ಇರಲಿ’ ಅಂತಾರೆ ಅಪ್ಪ. ನಾನು ಯಾವುದನ್ನು ಆರಿಸಲಿ? ಬ್ಯಾಂಕ್ ಜೊತೆ ಚೌಕಾಸಿ ಮಾಡಬಹುದಾ?

ಉತ್ತರ: ಸೀಟು ಸಿಕ್ಕಿದ್ದಕ್ಕೆ ಮೊದಲು ಅಭಿನಂದನೆ. ಅದೆಷ್ಟು ಕಷ್ಟದ ದಾರಿ ಅಂತ ನನಗೆ ಗೊತ್ತು.

ಅಪ್ಪನ ಮಾತಿನಿಂದಲೇ ಶುರು ಮಾಡುತ್ತೇನೆ. ಅವರ ಕಾಳಜಿ ಅರ್ಥವಾಗುತ್ತದೆ, ಆದರೆ ಇಲ್ಲಿ ಅವರ ಲೆಕ್ಕ ತಪ್ಪಿದೆ. ಓಸ್ಯಾಪ್ ಸರ್ಕಾರದ ಸಾಲ. ಅದರಲ್ಲಿ ಒಂದು ಪಾಲು ಕೇಂದ್ರದ್ದು, ಒಂದು ಪಾಲು ಪ್ರಾಂತ್ಯದ್ದು. ಓದುವಷ್ಟು ಕಾಲ ಎರಡಕ್ಕೂ ಬಡ್ಡಿ ಇಲ್ಲ. ಕೇಂದ್ರದ ಪಾಲಿಗಂತೂ 2023ರ ಏಪ್ರಿಲ್ 1ರಿಂದ ಬಡ್ಡಿಯನ್ನೇ ಪೂರ್ತಿ ತೆಗೆದುಹಾಕಿದ್ದಾರೆ, ಓದು ಮುಗಿದ ಮೇಲೂ ಇಲ್ಲ. ಬ್ಯಾಂಕ್ ಲೈನ್ ಹಾಗಲ್ಲ, ಹಣ ತೆಗೆದ ದಿನದಿಂದಲೇ ಬಡ್ಡಿ ಓಡಲು ಶುರು. ಬಡ್ಡಿಯಿಲ್ಲದ ಹಣ ಕೈಗೆ ಸಿಗುವಾಗ ಬಡ್ಡಿಯ ಹಣ ಯಾಕೆ?

ಇನ್ನೊಂದು ಸಂಗತಿಯನ್ನು ತುಂಬಾ ಮಂದಿ ಕಡೆಗಣಿಸುತ್ತಾರೆ. ಮುಂದೆ ನೀವು ಫ್ಯಾಮಿಲಿ ಡಾಕ್ಟರ್ ಆಗಿ ಸರ್ಕಾರ ಗುರುತಿಸಿದ ಹಳ್ಳಿಗಾಡಿನ ಊರಲ್ಲಿ ಕೆಲಸ ಮಾಡಿದರೆ, ಐದು ವರ್ಷದಲ್ಲಿ 60,000 ಡಾಲರ್‌ವರೆಗೆ ಕೇಂದ್ರದ ವಿದ್ಯಾರ್ಥಿ ಸಾಲ ಮನ್ನಾ ಆಗುತ್ತದೆ. ಬ್ಯಾಂಕ್ ಲೈನ್‌ನ ಒಂದು ಡಾಲರ್ ಕೂಡ ಆ ಯೋಜನೆಯಲ್ಲಿ ಮನ್ನಾ ಆಗುವುದಿಲ್ಲ. ಓದು ಮುಗಿದ ಮೇಲೆ ಪ್ರಾಂತ್ಯದ ಪಾಲಿಗೆ ಕಟ್ಟುವ ಬಡ್ಡಿಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿಯೂ ಇದೆ. ಅದೇ ಸಾಲವನ್ನು ಬ್ಯಾಂಕ್ ಲೈನ್‌ಗೆ ವರ್ಗ ಮಾಡಿಬಿಟ್ಟರೆ ಆ ರಿಯಾಯಿತಿ ಹೋಯಿತು. ಹಾಗಾಗಿ ಓಸ್ಯಾಪ್‌ಗೆ ಅರ್ಜಿ ಹಾಕಿ. ಅಪ್ಪನ ಸಂಬಳ ಜಾಸ್ತಿ ಇದೆ ಅಂತ ಕಡಿಮೆ ಸಿಗಬಹುದು. ಸಿಕ್ಕಷ್ಟನ್ನು ಪೂರ್ತಿ ತಗೊಳ್ಳಿ, ಕೊರತೆ ಬಿದ್ದಷ್ಟನ್ನು ಮಾತ್ರ ಲೈನ್‌ನಿಂದ ತುಂಬಿ.

ಇನ್ನು ಲೈನ್ ವಿಷಯ. ಹಾಸನದಲ್ಲಿ ಅಂಗಡಿ ಇಟ್ಟವರನ್ನು ಕೇಳಿದರೆ ‘ಓಡಿ ಖಾತೆ’ ಅಂತಾರಲ್ಲ, ಇದು ಹೆಚ್ಚುಕಡಿಮೆ ಅದೇ. ಬ್ಯಾಂಕ್ ಒಂದು ಮಿತಿ ಹಾಕಿ ಕೊಡುತ್ತದೆ. ಬೇಕಾದಾಗ ಬೇಕಾದಷ್ಟು ತೆಗೆಯುತ್ತೀರಿ, ತೆಗೆದಷ್ಟಕ್ಕೆ ಮಾತ್ರ ಬಡ್ಡಿ. ನಿಮ್ಮ ಕೈಲಿ ಆದಾಯವೂ ಇಲ್ಲ, ಆಸ್ತಿಯೂ ಇಲ್ಲ. ಆದರೂ ಇಲ್ಲಿನ ದೊಡ್ಡ ಬ್ಯಾಂಕ್‌ಗಳು ಅಡಮಾನ ಕೇಳದೆ ಇಷ್ಟು ದೊಡ್ಡ ಮೊತ್ತ ಕೊಡುತ್ತವೆ. ಕೆನಡಾದಲ್ಲಿ ಎಂ.ಡಿ. ಸೇರಿದವರಲ್ಲಿ ಬಹುತೇಕ ಎಲ್ಲರೂ ಡಾಕ್ಟರ್ ಆಗುತ್ತಾರೆ, ಮುಂದೆ ಮನೆ ಸಾಲ, ಕ್ಲಿನಿಕ್ ಸಾಲ, ಹೂಡಿಕೆ ಎಲ್ಲಕ್ಕೂ ತಮ್ಮ ಹತ್ತಿರವೇ ಬರುತ್ತಾರೆ ಅನ್ನುವ ಲೆಕ್ಕ ಅವರದು. ಬ್ಯಾಂಕ್‌ಗೆ ಬೇಕಿರುವುದು ನಿಮ್ಮ ಮುಂದಿನ ಮೂವತ್ತು ವರ್ಷ. ನಿಮ್ಮ ಚೌಕಾಸಿಗೆ ಬಲ ಬರುವುದೂ ಅಲ್ಲಿಂದಲೇ. ಅಳುಕದೆ ಮಾತಾಡಿ.

ಆದರೆ ಚೌಕಾಸಿ ಯಾವುದಕ್ಕೆ? ಹೆಚ್ಚಿನವರು ಬಡ್ಡಿದರಕ್ಕೆ ಜೋತು ಬೀಳುತ್ತಾರೆ. ಮೆಡಿಕಲ್ ವಿದ್ಯಾರ್ಥಿಗಳಿಗೆ ಪ್ರೈಮ್ ಮೈನಸ್ ಕಾಲು ಅನ್ನುವುದು ಇಲ್ಲಿ ರೂಢಿಯಾಗಿಬಿಟ್ಟ ದರ. ಶಾಖೆಯಲ್ಲಿ ಕೂತವರಿಗೆ ಅದನ್ನು ಇನ್ನೂ ಇಳಿಸುವ ಅಧಿಕಾರ ಸಾಮಾನ್ಯವಾಗಿ ಇರುವುದಿಲ್ಲ. 2 ಲಕ್ಷ ಡಾಲರ್ ಬಾಕಿಗೆ ಇನ್ನೊಂದು ಕಾಲು ಪರ್ಸೆಂಟ್ ಗೆದ್ದರೂ ಉಳಿಯುವುದು ವರ್ಷಕ್ಕೆ 500 ಡಾಲರ್. ಪ್ರೈಮ್ ದರವೇ ಏರಿಳಿದರೆ ಏನಾಗುತ್ತದೆ ನೋಡಿ. 2022ರ ಮಾರ್ಚ್ ಆರಂಭದವರೆಗೆ ಇಲ್ಲಿ ಪ್ರೈಮ್ 2.45 ಪರ್ಸೆಂಟ್ ಇತ್ತು. 2023ರ ಜುಲೈ ಹೊತ್ತಿಗೆ 7.20ಕ್ಕೆ ಹೋಯಿತು. ಅದೇ 2 ಲಕ್ಷ ಬಾಕಿಗೆ ಮೊದಲು ತಿಂಗಳಿಗೆ ಸುಮಾರು 367 ಡಾಲರ್ ಬಡ್ಡಿ ಬೀಳುತ್ತಿತ್ತು. ಆಮೇಲೆ 1,158 ಡಾಲರ್. ಹದಿನಾರು ತಿಂಗಳಲ್ಲಿ ಮೂರು ಪಟ್ಟು! ಆಗ ಓದುತ್ತಿದ್ದವರು ನನ್ನ ಮುಂದೆ ಕೂತು ಸ್ಟೇಟ್‌ಮೆಂಟ್ ತೋರಿಸಿದ್ದು ಈಗಲೂ ನೆನಪಿದೆ. ಅವರ ತಪ್ಪೇನೂ ಇರಲಿಲ್ಲ. ದರ ಹೀಗೂ ಏರಬಹುದು ಅಂತ ಸೇರುವಾಗ ಅವರಿಗೆ ಯಾರೂ ಕೂರಿಸಿ ಹೇಳಿರಲಿಲ್ಲ, ಅಷ್ಟೇ.

ಈ ಬಡ್ಡಿಯನ್ನು ಯಾವ ಹಣದಿಂದ ಕಟ್ಟುತ್ತೀರಿ? ಸಾಮಾನ್ಯವಾಗಿ ಅದೇ ಲೈನ್‌ನಿಂದ. ಪ್ರತಿ ತಿಂಗಳ ಬಡ್ಡಿ ಅಸಲಿಗೆ ಸೇರುತ್ತದೆ, ಮುಂದಿನ ತಿಂಗಳು ಅದಕ್ಕೂ ಬಡ್ಡಿ. ನಮ್ಮ ಹಿರಿಯರು ಹೆದರುತ್ತಿದ್ದ ಚಕ್ರಬಡ್ಡಿ ಇದೇ ತಾನೆ. ನಾಲ್ಕು ವರ್ಷ ಓದು, ಆಮೇಲೆ ರೆಸಿಡೆನ್ಸಿ, ಅಂದರೆ ಆಸ್ಪತ್ರೆಯಲ್ಲಿ ಸಂಬಳದ ಮೇಲೆ ತರಬೇತಿ. ಫ್ಯಾಮಿಲಿ ಮೆಡಿಸಿನ್ ಆದರೆ ಎರಡು ವರ್ಷ, ಸರ್ಜರಿ ಆದರೆ ಐದು ವರ್ಷ ಅಥವಾ ಇನ್ನೂ ಜಾಸ್ತಿ. ಅಷ್ಟೂ ಕಾಲ ಈ ಚಕ್ರ ತಿರುಗುತ್ತದೆ. ತಿಂಗಳಿಗೆ ನೂರಿನ್ನೂರು ಡಾಲರ್ ಅಪ್ಪ ಕೊಡುವುದಾದರೆ ಅದನ್ನು ಈ ಬಡ್ಡಿಗೇ ಕಟ್ಟಲಿ. ಅಷ್ಟಾದರೂ ತುಂಬಾ ಫರಕ್ ಬೀಳುತ್ತದೆ.

ನೀವು ಗಟ್ಟಿಯಾಗಿ ಕೂತು ಮಾತಾಡಬೇಕಾದ್ದು ಓದು ಮುಗಿದ ನಂತರದ ಷರತ್ತುಗಳ ಬಗ್ಗೆ. ರೆಸಿಡೆನ್ಸಿ ನಡೆಯುವಾಗ ಅಸಲು ಕೇಳುತ್ತೀರಾ? ರೆಸಿಡೆನ್ಸಿ ಮುಗಿದ ಮೇಲೆ ಎಷ್ಟು ತಿಂಗಳ ಬಿಡುವು, ಹನ್ನೆರಡಾ, ಇಪ್ಪತ್ತನಾಲ್ಕಾ? ನಡುವೆ ಫೆಲೋಶಿಪ್ (ಹೆಚ್ಚಿನ ವಿಶೇಷ ತರಬೇತಿ) ಮಾಡಿದರೆ, ಹೆರಿಗೆ ರಜೆ ತಗೊಂಡರೆ, ಒಂದು ವರ್ಷ ಓದು ನಿಂತರೆ ಏನಾಗುತ್ತದೆ? ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ. ಬಿಡುವಿನ ಅವಧಿ ಮುಗಿದ ಮೇಲೆ ಇದು ಲೈನ್ ಆಗಿಯೇ ಉಳಿಯುತ್ತದಾ, ಇಲ್ಲ ಕಂತಿನ ಸಾಲವಾಗಿ ಬದಲಾಗುತ್ತದಾ?

ಲೈನ್ ಆಗಿಯೇ ಉಳಿದರೆ ಕಟ್ಟಿದ ಹಣವನ್ನು ಬೇಕಾದಾಗ ಮತ್ತೆ ತೆಗೆಯಬಹುದು, ಅದೇ ಪ್ರೈಮ್ ಮೈನಸ್ ಕಾಲು ದರದಲ್ಲಿ. ಕ್ಲಿನಿಕ್ ಹಾಕುವಾಗ, ಕೆಲಸ ಬದಲಿಸುವಾಗ, ಮನೆಯಲ್ಲಿ ಕಾಯಿಲೆ ಕಸಾಲೆ ಬಂದಾಗ ಇದಕ್ಕಿಂತ ಒಳ್ಳೆಯ ಆಸರೆ ಸಿಗುವುದಿಲ್ಲ. ಕಂತಿನ ಸಾಲವಾದರೆ ಹಾಗಿಲ್ಲ. ಅಸಲು ಬಡ್ಡಿ ಸೇರಿಸಿ ತಿಂಗಳ ಕಂತು ಕಟ್ಟಲೇಬೇಕು, ಕಟ್ಟಿದ್ದು ವಾಪಸ್ ಸಿಗದು, ದರವೂ ಏರಬಹುದು. ನಮ್ಮ ಶಾಖೆಗೆ ಬಂದಿದ್ದ ಒಬ್ಬ ಯುವ ಡಾಕ್ಟರ್ ಬೇರೆ ಕಡೆ ತಗೊಂಡ ಲೈನ್ ಹೀಗೆ ಬದಲಾಗಿತ್ತು. ಸ್ವಂತ ಪ್ರಾಕ್ಟೀಸ್ ಶುರುವಿನ ಆರು ತಿಂಗಳು ಆದಾಯ ಸರಿಯಾಗಿ ಬಂದಿರಲಿಲ್ಲ, ಕಂತು ಮಾತ್ರ ತಪ್ಪದೆ ಬರುತ್ತಿತ್ತು. ಅವರು ಸಹಿ ಹಾಕಿದ ಕಾಗದದಲ್ಲಿ ಎಲ್ಲವೂ ಬರೆದಿತ್ತು. ಓದಿರಲಿಲ್ಲ ಪಾಪ.

ಬಾಯಿಮಾತು ಸಾಲದು. ‘ನೀವು ಹೇಳಿದ್ದನ್ನೇ ಒಂದು ಇ-ಮೇಲ್‌ನಲ್ಲಿ ಬರೆದು ಕಳಿಸಿ’ ಅನ್ನಿ. ಆ ಅಧಿಕಾರಿ ನಾಳೆ ವರ್ಗವಾಗಬಹುದು, ಕಾಗದ ಎಲ್ಲಿಗೂ ಹೋಗುವುದಿಲ್ಲ. ಇಂಥ ಸಾಲಗಳ ಕರಾರಿನಲ್ಲಿ ಸಾಮಾನ್ಯವಾಗಿ ‘ಬ್ಯಾಂಕ್ ಕೇಳಿದಾಗ ಪೂರ್ತಿ ತೀರಿಸಬೇಕು’ ಎಂಬ ಸಾಲೊಂದು ಇರುತ್ತದೆ. ಅದನ್ನು ತೆಗೆಸಲು ನಿಮ್ಮಿಂದ ಆಗದು, ಆದರೆ ಅದು ಇದೆ ಅನ್ನುವುದು ತಿಳಿದಿರಲಿ.

ಮಿತಿ ಹೇಗೆ ಕೈಗೆ ಸಿಗುತ್ತದೆ ಅನ್ನುವುದನ್ನೂ ಕೇಳಿ. ಕೆಲವು ಬ್ಯಾಂಕ್ ಪೂರ್ತಿ ಮೊತ್ತವನ್ನು ಮೊದಲ ದಿನವೇ ತೆರೆದಿಡುತ್ತವೆ. ಕೆಲವು ವರ್ಷಕ್ಕಿಷ್ಟು ಅಂತ ಬಿಡುಗಡೆ ಮಾಡುತ್ತವೆ. ಖರ್ಚಿನ ಮೇಲೆ ಹಿಡಿತ ಇಲ್ಲದವರಿಗೆ ಎರಡನೆಯದೇ ಒಳ್ಳೆಯದು ಅಂತ ನನ್ನ ಅನುಭವ.

ನಿಮಗೆ ಮೂರೂವರೆ ಲಕ್ಷ ಬೇಕಾ? ಲೆಕ್ಕ ಹಾಕೋಣ. ಒಂಟಾರಿಯೊದವರಿಗೆ ಇಲ್ಲಿ ಎಂ.ಡಿ. ಫೀಸು ವರ್ಷಕ್ಕೆ 25,000 ಡಾಲರ್ ಆಸುಪಾಸು. ಬಾಡಿಗೆ, ಊಟ, ಓಡಾಟಕ್ಕೆ ಇನ್ನೊಂದು 25,000 ಇಟ್ಟುಕೊಳ್ಳಿ. ನಾಲ್ಕು ವರ್ಷಕ್ಕೆ 2 ಲಕ್ಷ. ಅದರಲ್ಲಿ ಓಸ್ಯಾಪ್ ಕೊಟ್ಟದ್ದು ಕಳೆಯಿರಿ, ಬಡ್ಡಿಗೆ ಒಂದಿಷ್ಟು ಸೇರಿಸಿ. ಮೂರು ಲಕ್ಷದೊಳಗೆ ಆರಾಮಾಗಿ ಮುಗಿಯುತ್ತದೆ. ಹೆಚ್ಚಿನ ಐವತ್ತು ಸಾವಿರ ಇದ್ದರೆ ತಪ್ಪಿಲ್ಲ, ಆದರೆ ಅದಕ್ಕಾಗಿ ಬೇರೆ ಷರತ್ತು ಬಿಟ್ಟುಕೊಡಬೇಡಿ. ಹಾಗೆಯೇ, ಮಿತಿ ಉಳಿದಿದೆ ಅಂತ ಅದರಿಂದ ತೆಗೆದು ಷೇರಿಗೆ, ಟಿಎಫ್‌ಎಸ್‌ಎಗೆ (ಗಳಿಕೆಗೆ ತೆರಿಗೆ ಇಲ್ಲದ ಉಳಿತಾಯ ಖಾತೆ) ಹಾಕುವ ಸಲಹೆಯನ್ನು ಗೆಳೆಯರು ಖಂಡಿತ ಕೊಡುತ್ತಾರೆ. ದಯವಿಟ್ಟು ಬೇಡ. ಟಿಎಫ್‌ಎಸ್‌ಎಗೆ ಹಾಕಲು ತಂದ ಸಾಲದ ಬಡ್ಡಿಯನ್ನು ತೆರಿಗೆಯಲ್ಲಿ ಕಳೆಯಲೂ ಬಿಡುವುದಿಲ್ಲ.

ಚೌಕಾಸಿಯ ಕ್ರಮ ಸರಳ. ಮನೆ ಹತ್ತಿರದ ಶಾಖೆಗೆ ಸುಮ್ನೆ ಹೋಗಬೇಡಿ. ಪ್ರತಿ ದೊಡ್ಡ ಬ್ಯಾಂಕ್‌ನಲ್ಲೂ ಡಾಕ್ಟರ್‌ಗಳಿಗಾಗಿಯೇ ಇರುವ ಸಲಹೆಗಾರರಿದ್ದಾರೆ, ನಿಮ್ಮ ಕಾಲೇಜಿನ ಸೀನಿಯರ್‌ಗಳಿಗೆ ಅವರು ಯಾರೆಂದು ಗೊತ್ತಿರುತ್ತದೆ. ಮೊದಲು ಷರತ್ತುಗಳನ್ನಷ್ಟೇ ಕೇಳಿ, ಅರ್ಜಿಗೆ ಸಹಿ ಆಮೇಲೆ. ಯಾಕೆಂದರೆ ಪ್ರತಿ ಅರ್ಜಿಯೂ ನಿಮ್ಮ ಕ್ರೆಡಿಟ್ ದಾಖಲೆಯಲ್ಲಿ ಗುರುತು ಬಿಡುತ್ತದೆ. ಒಂದು ಬ್ಯಾಂಕ್‌ನ ಉತ್ತರವನ್ನು ಇನ್ನೊಂದಕ್ಕೆ ತೋರಿಸಿ, ‘ಅವರು ಇಪ್ಪತ್ತನಾಲ್ಕು ತಿಂಗಳು ಬಿಡುವು ಕೊಡ್ತಾರೆ, ನಿಮಗೆ ಆಗುತ್ತಾ?’ ಅಂತ ನೇರವಾಗಿ ಕೇಳಿ. ನೀವು ಕೇಳಿದ್ದೇ ತಪ್ಪು ಅಂತ ಯಾರೂ ತಿಳಿಯುವುದಿಲ್ಲ. ಅವರಿಗೆ ಇದು ದಿನನಿತ್ಯದ ಮಾತು.

ಸಾಲದ ಜೊತೆ ವಿಮೆ ತಗೊಳ್ಳಲೇಬೇಕು ಅಂದರೆ ಒಪ್ಪಬೇಡಿ. ಒಂದು ಸೇವೆ ಕೊಡಲು ಇನ್ನೊಂದನ್ನು ಒತ್ತಾಯದಿಂದ ಕೊಳ್ಳಿಸುವುದನ್ನು ಕೆನಡಾದ ಬ್ಯಾಂಕ್ ಕಾಯ್ದೆಯೇ ನಿಷೇಧಿಸಿದೆ. ಅಂಗವಿಕಲತೆಯ ವಿಮೆ ಡಾಕ್ಟರ್‌ಗೆ ಬೇಕೇ ಬೇಕು. ಆದರೆ ಅದನ್ನು ವೈದ್ಯರ ಸಂಘದ ಮೂಲಕ ಸಿಗುವುದರ ಜೊತೆ ಹೋಲಿಸಿ ತಗೊಳ್ಳಿ.

ಕಾರ್ಡು, ನಗದು ಉಡುಗೊರೆ ಇವೆಲ್ಲ ಕೊನೆಗೆ. ಮೂರು ಲಕ್ಷ ಕೊಡುವ ಬ್ಯಾಂಕ್ ‘ಲೈನ್ ಲೈನ್ ಆಗಿಯೇ ಇರುತ್ತದೆ’ ಅಂತ ಬರೆದುಕೊಟ್ಟು, ಇನ್ನೊಂದು ಕೊಡದಿದ್ದರೆ, ನಾನಾಗಿದ್ದರೆ ಮೂರು ಲಕ್ಷದ ಕಡೆಗೇ ಹೋಗುತ್ತಿದ್ದೆ.

ಪ್ರಶ್ನೆ: ನಾವು ವಾಟರ್ಲೂನಲ್ಲಿದ್ದೇವೆ. ಮಗನಿಗೆ ಐರ್ಲೆಂಡಿನಲ್ಲಿ ಮೆಡಿಕಲ್ ಸೀಟು ಸಿಕ್ಕಿದೆ. ಬ್ಯಾಂಕ್‌ನವರು ಲೈನ್‌ಗೆ ನನ್ನ ಸಹಿಯನ್ನೂ ಕೇಳುತ್ತಿದ್ದಾರೆ. ಬರೀ ಜಾಮೀನು ಅಲ್ವಾ, ಹಾಕಿದರೆ ತೊಂದರೆ ಇದೆಯಾ? ನನಗೀಗ 56 ವರ್ಷ.

ಉತ್ತರ: ಬರೀ ಜಾಮೀನು ಅಲ್ಲ ಸರ್. ಕೋಸೈನರ್ ಅಂದರೆ ಆ ಪೂರ್ತಿ ಸಾಲ ನಿಮ್ಮದೂ ಹೌದು. ಮಗ ಒಂದು ತಿಂಗಳು ಬಡ್ಡಿ ಕಟ್ಟದಿದ್ದರೆ ಬ್ಯಾಂಕ್ ನೇರ ನಿಮ್ಮನ್ನೇ ಕೇಳಬಹುದು. ನಿಮ್ಮ ಕ್ರೆಡಿಟ್ ದಾಖಲೆಯಲ್ಲೂ ಅದು ಕಾಣುತ್ತದೆ, ನಾಳೆ ನೀವೇ ಮನೆ ಸಾಲ ಬದಲಿಸಲು ಹೋದಾಗ ಅದನ್ನು ಲೆಕ್ಕಕ್ಕೆ ಹಿಡಿಯುತ್ತಾರೆ.

ಹೊರದೇಶದಲ್ಲಿ ಓದುವವರಿಗೆ ಬ್ಯಾಂಕ್‌ಗಳು ಹೀಗೆ ಬಿಗಿಯಾಗುವುದಕ್ಕೆ ಕಾರಣವಿದೆ. ಅಲ್ಲಿ ಓದಿ ಮುಗಿಸಿದವರು ಕೆನಡಾದಲ್ಲಿ ರೆಸಿಡೆನ್ಸಿ ಪಡೆಯಲು ವಿದೇಶಿ ಪದವೀಧರರ ಸಾಲಿನಲ್ಲಿ ನಿಲ್ಲಬೇಕು, ಅಲ್ಲಿ ಸೀಟು ಕಡಿಮೆ. ಇದನ್ನು ಮಗನೊಡನೆ ಬಿಚ್ಚುಮನಸ್ಸಿನಿಂದ ಮಾತಾಡಿ. ಫ್ಯಾಮಿಲಿ ಮೆಡಿಸಿನ್ ಸಿಕ್ಕರೂ ಸರಿ ಅನ್ನುವ ಮನಸ್ಸು ಅವನಿಗಿದೆಯಾ? ಐರ್ಲೆಂಡಿನಲ್ಲೋ ಅಮೆರಿಕದಲ್ಲೋ ತರಬೇತಿಗೆ ಹೋಗಲು ತಯಾರಿದ್ದಾನಾ?

ಸಹಿ ಹಾಕುವುದಾದರೆ ಎರಡು ಕೆಲಸ ಮಾಡಿ. ಯಾವ ಹಂತದಲ್ಲಿ ನಿಮ್ಮ ಹೆಸರು ಸಾಲದಿಂದ ಹೊರಗೆ ಬರುತ್ತದೆ ಅಂತ ಬರೆಸಿಕೊಳ್ಳಿ. ರೆಸಿಡೆನ್ಸಿ ಸೇರಿ ಸಂಬಳ ಶುರುವಾದ ಮೇಲೆ ಬಿಡುಗಡೆ ಕೇಳುವುದು ನ್ಯಾಯ. ಇನ್ನೊಂದು, ಹೇಳಲು ಕಷ್ಟ, ಆದರೂ ಹೇಳುತ್ತೇನೆ. ಸಾಲದ ಮೊತ್ತಕ್ಕೆ ಮಗನ ಹೆಸರಿನಲ್ಲಿ ಟರ್ಮ್ ಜೀವ ವಿಮೆ ಮಾಡಿಸಿ. ಆ ವಯಸ್ಸಿನಲ್ಲಿ ಪ್ರೀಮಿಯಂ ಕಡಿಮೆ. ಫೀಸು ಯೂರೋದಲ್ಲಿ, ಸಾಲ ಡಾಲರ್‌ನಲ್ಲಿ, ಹಾಗಾಗಿ ವಿನಿಮಯ ದರಕ್ಕೆ ಹತ್ತು ಪರ್ಸೆಂಟ್ ಆದರೂ ಹೆಚ್ಚುವರಿ ಇಟ್ಟುಕೊಳ್ಳಿ. ಕಾಲೇಜು ಸರ್ಕಾರದ ಮಾನ್ಯ ಪಟ್ಟಿಯಲ್ಲಿದ್ದರೆ ವಿದೇಶದ ಓದಿಗೂ ವಿದ್ಯಾರ್ಥಿ ಸಾಲ ಸಿಗುತ್ತದೆ, ಅದನ್ನು ಮೊದಲು ನೋಡಿ. ಮನೆಯ ಮೇಲಿನ ಲೈನ್ ತೆಗೆದು ಫೀಸು ಕಟ್ಟುವ ಯೋಚನೆ ಇದ್ದರೆ ಬಿಟ್ಟುಬಿಡಿ. 56ರಲ್ಲಿ ಮನೆಯನ್ನು ಪಣಕ್ಕಿಡಬಾರದು.

ಪ್ರಶ್ನೆ: ದಾವಣಗೆರೆಯಿಂದ ಬರೆಯುತ್ತಿದ್ದೇನೆ. ಮಗಳು ಪಿಯುಸಿ ಮುಗಿಸಿದ್ದಾಳೆ. ಕೆನಡಾಕ್ಕೆ ಕಳಿಸಿದರೆ ಅಲ್ಲಿನ ಬ್ಯಾಂಕ್ ಸಾಲದಲ್ಲೇ ಎಂ.ಡಿ. ಓದಿಸಬಹುದಂತೆ, ನಿಜವಾ?

ಉತ್ತರ: ಇಲ್ಲ ಅಮ್ಮ. ಈ ಲೈನ್ ಇರುವುದು ಕೆನಡಾದ ಪ್ರಜೆಗಳಿಗೆ ಮತ್ತು ಪಿಆರ್ (ಅಲ್ಲಿ ಕಾಯಂ ನೆಲೆಸುವ ಅನುಮತಿ) ಇದ್ದವರಿಗೆ. ಅಲ್ಲಿ ಎಂ.ಡಿ. ಸೇರಲು ಮೊದಲು ಸಾಮಾನ್ಯವಾಗಿ ಡಿಗ್ರಿ ಓದಬೇಕು, ಹೊರದೇಶದವರಿಗೆ ಸೀಟುಗಳು ಇಲ್ಲವೆನ್ನುವಷ್ಟು ಕಡಿಮೆ. ಒಂಟಾರಿಯೊ ಸರ್ಕಾರವಂತೂ 2026ರಿಂದ ತನ್ನ ಮೆಡಿಕಲ್ ಕಾಲೇಜುಗಳಲ್ಲಿ ವಿದೇಶಿ ವಿದ್ಯಾರ್ಥಿಗಳನ್ನು ತಗೊಳ್ಳುವುದಿಲ್ಲ ಅಂತ 2024ರಲ್ಲೇ ಪ್ರಕಟಿಸಿತು. ಈ ಆಸೆ ತೋರಿಸಿ ಯಾರಾದರೂ ಏಜೆಂಟ್ ದುಡ್ಡು ಕೇಳಿದರೆ ಕೊಡಬೇಡಿ.

ಕರ್ನಾಟಕದಲ್ಲೇ ಕೆಇಎ ಮೂಲಕ ಸೀಟು ಸಿಕ್ಕರೆ ರಾಜ್ಯ ಸರ್ಕಾರದ ನಿಗಮಗಳು ಕೊಡುವ ‘ಅರಿವು’ ಶಿಕ್ಷಣ ಸಾಲಕ್ಕೆ ನೀವು ಅರ್ಹರಾ ಅಂತ ವಿಚಾರಿಸಿ. ಬ್ಯಾಂಕ್‌ನ ಶಿಕ್ಷಣ ಸಾಲ ತಗೊಂಡರೆ ಓದುವಾಗ ಕಂತು ಇರುವುದಿಲ್ಲ, ಆದರೆ ಬಡ್ಡಿ ಸೇರುತ್ತಾ ಹೋಗುತ್ತದೆ. ಆ ಬಡ್ಡಿಯನ್ನು ಆಗಿಂದಾಗ್ಗೆ ಕಟ್ಟಿದವರಿಗೆ ಹಲವು ಬ್ಯಾಂಕ್‌ಗಳು ಒಂದು ಪರ್ಸೆಂಟ್ ರಿಯಾಯಿತಿ ಕೊಡುತ್ತವೆ. ನಿಮ್ಮ ಬ್ಯಾಂಕ್ ಕೊಡುತ್ತದಾ ಅಂತ ಸಹಿ ಹಾಕುವ ಮೊದಲೇ ಮ್ಯಾನೇಜರ್ ಹತ್ತಿರ ಕೇಳಿ.