ಫೋನಿನಲ್ಲಿ ಸರ್ ಹೇಳ್ತಾರೆ, ನಾನು ಮಾಡ್ತೀನಿ

ಪ್ರಶ್ನೆ: ನಾನು ಜಿಎನ್‌ಎಂ ಓದಿದ ಸ್ಟಾಫ್ ನರ್ಸ್. ತೀರ್ಥಹಳ್ಳಿ ಕಡೆಯ ಸಣ್ಣ ನರ್ಸಿಂಗ್ ಹೋಮಿನಲ್ಲಿ ನಾಲ್ಕು ವರ್ಷದಿಂದ ಕೆಲಸ. ಡಾಕ್ಟರ ಮನೆ ಶಿವಮೊಗ್ಗದಲ್ಲಿ. ರಾತ್ರಿ ಗರ್ಭ ಹೋದ ಕೇಸ್ ಬಂದರೆ ಫೋನಿನಲ್ಲೇ ಹೇಳಿಕೊಟ್ಟು ನನ್ನಿಂದ ಡಿ ಅಂಡ್ ಸಿ (ಗರ್ಭಕೋಶದಲ್ಲಿ ಉಳಿದದ್ದನ್ನು ಉಪಕರಣ ಹಾಕಿ ಕೆರೆದು ತೆಗೆಯುವುದು) ಮಾಡಿಸುತ್ತಾರೆ. ಕಳೆದ ತಿಂಗಳು ಒಬ್ಬರಿಗೆ ರಕ್ತ ನಿಲ್ಲಲೇ ಇಲ್ಲ. ಶಿವಮೊಗ್ಗಕ್ಕೆ ಕಳಿಸಿದೆವು, ಬದುಕಿಕೊಂಡರು. ಕೇಸ್ ಶೀಟಿನಲ್ಲಿ ಸರ್ ತಾವೇ ಮಾಡಿದ್ದೆಂದು ಬರೆದಿದ್ದಾರೆ. ಆಗಲ್ಲ ಅಂದರೆ ಕೆಲಸ ಹೋಗುತ್ತದೆ. ನನ್ನ ಓದಿಗೆ ಅಪ್ಪ ಮಾಡಿದ ಸಾಲ ಇನ್ನೂ ತೀರಿಲ್ಲ. ಏನು ಮಾಡಲಿ?

ಉತ್ತರ: ಆ ಆಂಬುಲೆನ್ಸ್ ಮಂಡಗದ್ದೆ, ಗಾಜನೂರು ದಾಟುವವರೆಗೆ ನಿಮ್ಮ ಜೀವವೂ ಕೈಯಲ್ಲಿತ್ತು ಅಂತ ಪತ್ರ ಓದಿದರೇ ಗೊತ್ತಾಗುತ್ತದೆ.

ನಿಮ್ಮ ಕೈ ಪಳಗಿದೆ, ನಂಬುತ್ತೇನೆ. ಡ್ರಿಪ್, ಕ್ಯಾಥೆಟರ್, ನಾರ್ಮಲ್ ಹೆರಿಗೆ, ತರಬೇತಿ ಆಗಿದ್ದರೆ ಕಾಪರ್-ಟಿ ಕೂಡ ನಿಮ್ಮ ಕೆಲಸವೇ. ಡಿ ಅಂಡ್ ಸಿ ಹಾಗಲ್ಲ. ಕಣ್ಣಿಗೆ ಕಾಣದ ಜಾಗದಲ್ಲಿ ಮಾಡುವ ಕೆಲಸ ಅದು. ಉಪಕರಣ ಸ್ವಲ್ಪ ಜಾಸ್ತಿ ಒಳಗೆ ಹೋದರೂ ಗರ್ಭಕೋಶ ತೂತಾಗಬಹುದು, ಕರುಳಿಗೂ ತಾಗಬಹುದು. ಆಗ ಹೊಟ್ಟೆ ತೆರೆದು ಆಪರೇಷನ್ ಮಾಡಬೇಕು. ಫೋನ್ ಹಿಡಿದು ಶಿವಮೊಗ್ಗದಲ್ಲಿ ಕೂತವರಿಂದ ಅದು ಆಗುತ್ತಾ?

1971ರ ಗರ್ಭಪಾತ ಕಾಯ್ದೆ ಪ್ರಕಾರ ನೋಂದಾಯಿತ ವೈದ್ಯರಲ್ಲದವರು ಗರ್ಭ ತೆಗೆದರೆ 2ರಿಂದ 7 ವರ್ಷ ಜೈಲು. ‘ಗರ್ಭ ಮೊದಲೇ ಹೋಗಿತ್ತಲ್ಲ’ ಅಂತೀರಿ. ಅದನ್ನು ಸ್ಕ್ಯಾನ್ ನೋಡಿ ಹೇಳಬೇಕಾದವರೂ ಡಾಕ್ಟರೇ. ಒಂದು ಸಲ ಎಡವಟ್ಟಾದರೆ, ಫೋನಿನಲ್ಲಿ ಹೇಳಿದ ಮಾತಿಗೆ ಸಾಕ್ಷಿ ಯಾರು?

ಸರ್ ಹತ್ತಿರ ಹಗಲು ಹೊತ್ತಿನಲ್ಲೇ ಮಾತಾಡಿ. ರೋಗಿ ಟೇಬಲ್ ಮೇಲಿರುವಾಗ ಆಗಲ್ಲ ಅನ್ನೋದು ತುಂಬಾ ಕಷ್ಟ. ‘ಸರ್, ನೀವು ಬರುವ ಹಾಗಿದ್ದರೆ ಎಲ್ಲಾ ರೆಡಿ ಮಾಡಿಡ್ತೀನಿ. ಇಲ್ಲದಿದ್ದರೆ ಡ್ರಿಪ್ ಹಾಕಿ, 108 ಕರೆಸಿ, ತಾಲ್ಲೂಕು ಆಸ್ಪತ್ರೆಗೋ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಕಳಿಸ್ತೀನಿ’ ಅಷ್ಟೇ ಹೇಳಿ. ಕೇಳದಿದ್ದರೆ ಕೆಲಸ ಬಿಡಿ. ನಾಲ್ಕು ವರ್ಷ ಅನುಭವ ಇರುವ ನರ್ಸಿಗೆ ಇನ್ನೊಂದು ಕಡೆ ಕೆಲಸ ಹುಡುಕಬಹುದು. ರಿಜಿಸ್ಟ್ರೇಷನ್ ಹೋದರೆ ಅಪ್ಪನ ಸಾಲ ಯಾವುದರಿಂದ ತೀರಿಸುತ್ತೀರಿ?

ಆದ ಘಟನೆಯ ದಿನಾಂಕ, ಸಮಯ, ಕರೆ ಬಂದ ವಿವರ ಬರೆದಿಡಿ. ಸುಳ್ಳು ಕೇಸ್ ಶೀಟಿಗೆ ಸಹಿ ಹಾಕಬೇಡಿ. ಶಿವಮೊಗ್ಗದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಅಲ್ಲಿ ಹೆಣ್ಣುಮಕ್ಕಳಿಗೆ, ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ಜಿಲ್ಲಾ ಆರೋಗ್ಯಾಧಿಕಾರಿಗೆ ದೂರು ಕೊಡುವುದನ್ನೂ ಆ ವಕೀಲರನ್ನು ಕೇಳಿಯೇ ಮಾಡಿ.

ಇದನ್ನು ತಿಂಗಳುಗಟ್ಟಲೆ ಮುಂದೂಡಬೇಡಿ. ನಿಮಗೋಸ್ಕರ ಮಾತ್ರ ಅಲ್ಲ. ಆ ಹೆಣ್ಣುಮಗಳು ಮತ್ತೆ ಬಸುರಾಗಬಹುದು. ಗರ್ಭಕೋಶಕ್ಕೆ ಗಾಯ ಆಗಿದ್ದರೆ, ಹೆರಿಗೆ ಮಾಡಿಸುವ ಡಾಕ್ಟರಿಗೆ ಅದು ಗೊತ್ತಿರಲೇಬೇಕು. ಆ ರಾತ್ರಿ ಒಳಗೆ ನಡೆದದ್ದು ಈಗ ಗೊತ್ತಿರುವುದು ನಿಮಗೆ ಮತ್ತು ಸರ್‌ಗೆ ಮಾತ್ರ.